ಮೊದಲು ಸೌಂಡ್, ಆಮೇಲೆ ಕ್ಯಾಮೆರಾ: ನಮ್ಮ ಸ್ಟೂಡೆಂಟ್ ಫಿಲ್ಮ್‌ನ ಓಪನಿಂಗ್ ಕೊನೆಗೂ ಕೂತಿದ್ದು ಹೀಗೆ

ಓಪನಿಂಗ್ ಇರುವುದು ಬರೀ 2 ನಿಮಿಷ 10 ಸೆಕೆಂಡ್. ಅದಕ್ಕೆ ಮೂರು ಸಲ ಶೂಟ್ ಮಾಡಿದೆವು. ಮೊದಲ ಎರಡು ಸಲ ಕೈಕೊಟ್ಟಿತು. ಮೂರನೇ ಸಲ, ಕ್ಯಾಮೆರಾ ಮುಟ್ಟುವ ಮೊದಲೇ ಪೂರ್ತಿ ಓಪನಿಂಗ್‌ನ ಸೌಂಡ್ ಮಾಡಿ ಮುಗಿಸುತ್ತೇನೆ ಅಂದೆ. ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಪಿಕ್ಚರ್ ಲಾಕ್ ಆಗದೆ ಯಾರಾದ್ರೂ ಸೌಂಡ್ ಮಾಡ್ತಾರೇನಪ್ಪಾ?" ಅಂತ ಎಡಿಟಿಂಗ್ ಕಲಿಸುವ ಮೇಷ್ಟ್ರೂ ಕೇಳಿದರು. ಪಿಕ್ಚರ್ ಲಾಕ್ ಅಂದರೆ ದೃಶ್ಯಗಳ ಎಡಿಟ್ ಪೂರ್ತಿ ಮುಗಿಯುವುದು. ಈಗ ಆ ಓಪನಿಂಗ್‌ನ ಟೈಮ್‌ಲೈನನ್ನು (ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಶಾಟ್, ಸದ್ದು ಜೋಡಿಸಿಟ್ಟ ಪಟ್ಟಿ) ಅವರು ಜೂನಿಯರ್‌ಗಳಿಗೆ ತೆರೆದು ತೋರಿಸುತ್ತಾರೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ದೃಶ್ಯ ತುಂಬಾ ಸರಳ. ರಾತ್ರಿ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಮನೆಗೆ ಬರುತ್ತಾಳೆ. ಬಾಗಿಲು ಆಗಲೇ ಸ್ವಲ್ಪ ತೆರೆದಿದೆ. ಒಳಗೆ ಫೋನ್ ರಿಂಗ್ ಆಗುತ್ತಿದೆ. ಅದು ತಾನಾಗಿ ನಿಲ್ಲುವುದಲ್ಲ, ಯಾರೋ ಎತ್ತುತ್ತಾರೆ. ಅಲ್ಲಿ ಟೈಟಲ್. ಮಾತು ಒಂದೂ ಇಲ್ಲ.

ಮೊದಲ ಸಲ 34 ಶಾಟ್‌ಗಳ ಸ್ಟೋರಿಬೋರ್ಡ್ ಬರೆದು ಒಂದೇ ರಾತ್ರಿಯಲ್ಲಿ ಮುಗಿಸಲು ಹೊರಟೆವು. ಗಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಸಾಧನ), ಎರಡು ಪ್ರೈಮ್ ಲೆನ್ಸ್, ಒಂದು ದೊಡ್ಡ ಲೈಟ್ ಬಾಡಿಗೆಗೆ ತಂದೆವು. ಇಡೀ ಫಿಲ್ಮ್‌ಗೆ ಕೂಡಿಸಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಒಂದು ರಾತ್ರಿಗೇ ಹೋಯಿತು, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಮೆಟ್ಟಿಲಲ್ಲಿ ಲೈಟ್ ಸ್ಟ್ಯಾಂಡ್ ಸರಿಸಿ ನಿಲ್ಲಿಸುವುದಕ್ಕೇ ಒಂದೊಂದು ಸೆಟಪ್‌ಗೆ ಮುಕ್ಕಾಲು ಗಂಟೆ. ಬೆಳಗಾಗುವಾಗ ಕೈಯಲ್ಲಿದ್ದದ್ದು 13 ಶಾಟ್. ಎಡಿಟ್‌ಗೆ ಕೂತಾಗ ಇನ್ನೊಂದು ಗೊತ್ತಾಯಿತು. ಎರಡನೇ ಮಹಡಿಯಲ್ಲಿ ನಾವು ಲೈನ್ (ನಟಿ ಮತ್ತು ಬಾಗಿಲ ನಡುವಿನ ಊಹೆಯ ಗೆರೆ, ಕ್ಯಾಮೆರಾ ಅದರ ಒಂದೇ ಕಡೆ ಇರಬೇಕು) ದಾಟಿಬಿಟ್ಟಿದ್ದೆವು. ಅವಳು ಎಡಕ್ಕೆ ನೋಡುತ್ತಾಳೆ, ಮುಂದಿನ ಶಾಟ್‌ನಲ್ಲಿ ಬಾಗಿಲು ಅವಳ ಬೆನ್ನ ಹಿಂದೆ ಇದ್ದ ಹಾಗೆ ಕಾಣುತ್ತದೆ. ನಡುವೆ ಹಾಕಲು ಒಂದು ಕಟ್‌ಅವೇ (ಬೇರೆ ವಸ್ತು ತೋರಿಸುವ ಸಣ್ಣ ಶಾಟ್) ಕೂಡ ಇರಲಿಲ್ಲ.

ಎರಡನೇ ಸಲ ಅದಕ್ಕೆ ಪೂರ್ತಿ ಉಲ್ಟಾ ಹೋದೆವು. ಎಲ್ಲವೂ ಒಂದೇ ಶಾಟ್, ಕಟ್ಟೇ ಇಲ್ಲ. 19 ಟೇಕ್ ಆಯಿತು ಅಂತ ನೆನಪು. ಮೆಟ್ಟಿಲಲ್ಲಿ ಬೆಳಕು ಕಡಿಮೆ, ಅದಕ್ಕೆ ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದಿತ್ತು, ಹಾಗಾಗಿ ಫೋಕಸ್ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಮಾತ್ರ. 17ನೇ ಟೇಕ್‌ನಲ್ಲಿ ಅವಳ ನಟನೆ ಎಷ್ಟು ಚೆನ್ನಾಗಿತ್ತು ಅಂದರೆ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಬಾಗಿಲ ಹತ್ತಿರ ಫೋಕಸ್ ಅವಳ ಹಿಂದಿನ ಗೋಡೆಯ ಮೇಲಿತ್ತು. ಫೋಕಸ್ ಸರಿ ಇದ್ದ ಟೇಕ್‌ಗಳಲ್ಲಿ ಮೊದಲ ಒಂದು ನಿಮಿಷ ಎಳೆದ ಹಾಗೆ ಇತ್ತು, ಕತ್ತರಿಸಲು ದಾರಿಯೇ ಇಲ್ಲ. ಒಂದೇ ಶಾಟ್ ಮಾಡುವವರು ಇದನ್ನು ನೆನಪಿಡಿ: ಎಡಿಟಿಂಗ್ ಇಲ್ಲ ಅಂತಲ್ಲ, ಅದೆಲ್ಲ ರಿಹರ್ಸಲ್‌ನಲ್ಲೇ ಮುಗಿದಿರಬೇಕು. ನಾವು ಮಾಡಿದ್ದು ಎರಡೇ ರಿಹರ್ಸಲ್.

ದುಡ್ಡು ಹೆಚ್ಚುಕಡಿಮೆ ಮುಗಿದಿತ್ತು. ಒಂದು ರಾತ್ರಿ ನಾನೊಬ್ಬನೇ ರೆಕಾರ್ಡರ್ ಹಿಡಿದು ಅದೇ ಮೆಟ್ಟಿಲಿಗೆ ಹೋದೆ. 48 ಕಿಲೋಹರ್ಟ್ಸ್, 24 ಬಿಟ್, ಜೋರು ಸದ್ದು ಮೈನಸ್ 12 ಡೆಸಿಬಲ್ ದಾಟದ ಹಾಗೆ. ಹೆಜ್ಜೆ, ಕೀ ಗೊಂಚಲು, ಕೈಚೀಲ ಕಂಬಿಗೆ ತಾಗುವುದು, ಬಾಗಿಲ ಕಿರ್ ಸದ್ದು, ಎಲ್ಲ ಹಿಡಿದೆ. ಪ್ರತಿ ಮಹಡಿಯ ರೂಮ್ ಟೋನ್ (ಯಾರೂ ಏನೂ ಮಾಡದಿದ್ದಾಗಲೂ ಆ ಜಾಗದಲ್ಲಿ ಇರುವ ಸದ್ದು) ಒಂದೊಂದು ನಿಮಿಷ. ಇದನ್ನು ಬಿಡಲೇಬೇಡಿ. ಮೇಲೆ ಹೋದ ಹಾಗೆ ರಸ್ತೆಯ ಸದ್ದು ಇಳಿದು ನೀರಿನ ಪೈಪಿನ ಗುಂಯ್ ಅನ್ನೋದು ಏರುತ್ತದೆ. ಅವಳು ಮೇಲೆ ಬಂದಳು ಅಂತ ಅದೊಂದೇ ಹೇಳಿಬಿಡುತ್ತದೆ, ಅದಕ್ಕೆ ಶಾಟ್ ಬೇಕಿಲ್ಲ.

ಮೂರು ಮಹಡಿ ನಿಜವಾಗಿ ಹತ್ತಲು ಸುಮಾರು 50 ಸೆಕೆಂಡ್ ಬೇಕು. ಕಣ್ಣು ಮುಚ್ಚಿ ಕೇಳಿದಾಗ 22 ಸೆಕೆಂಡಿಗೆ ಸಾಕು ಅನ್ನಿಸಿತು. ಮೊದಲ ಸಲದ ಸ್ಟೋರಿಬೋರ್ಡ್‌ನಲ್ಲಿ ಮೆಟ್ಟಿಲಿಗೇ 12 ಶಾಟ್ ಇದ್ದವು! ಬರೀ ಸೌಂಡಿನ ಟ್ರ್ಯಾಕ್ ಎರಡು ವಾರ ಕುಟ್ಟಿ ಕುಟ್ಟಿ ಸರಿ ಮಾಡಿ, ಫಿಲ್ಮ್ ಬಗ್ಗೆ ಏನೂ ಗೊತ್ತಿಲ್ಲದ ಐದು ಜನರಿಗೆ ಕತ್ತಲೆ ಕೋಣೆಯಲ್ಲಿ ಕೇಳಿಸಿದೆ. ಏನು ನಡೀತು ಅಂತ ಒಂದು ಸಾಲು ಬರೆಯಿರಿ ಅಂದೆ. ನಾಲ್ವರು "ಮನೆಯಲ್ಲಿ ಆಗಲೇ ಯಾರೋ ಇದ್ದಾರೆ" ಅಂತ ಬರೆದರು. ಅವತ್ತೇ ನನಗೆ ಗೊತ್ತಾಯಿತು, ಇದು ನಿಲ್ಲುತ್ತದೆ ಅಂತ.

ಆಮೇಲೆ ಫೋನಿನಲ್ಲಿ ತೆಗೆದ ಸ್ಟಿಲ್‌ಗಳನ್ನು ಆ ಟ್ರ್ಯಾಕ್ ಮೇಲೆ ಜೋಡಿಸಿದೆ. 31 ಫೋಟೋದಿಂದ ಶುರುವಾಗಿ 14ಕ್ಕೆ ಇಳಿಯಿತು. ಸದ್ದೇ ಹೇಳಿದ್ದನ್ನು ಮತ್ತೆ ತೋರಿಸುವ ಫೋಟೋಗಳನ್ನೆಲ್ಲ ಕಿತ್ತೆ. ಉಳಿದ 14 ನಮ್ಮ ಶಾಟ್ ಲಿಸ್ಟ್. ಪ್ರತಿ ಶಾಟ್ ಎಷ್ಟು ಸೆಕೆಂಡ್ ಅಂತ ಮೊದಲೇ ಗೊತ್ತು, ಆಚೆ ಈಚೆ ಮೂರು ನಾಲ್ಕು ಸೆಕೆಂಡ್ ಹ್ಯಾಂಡಲ್ (ಕಟ್ ಸರಿಸಲು ಹೆಚ್ಚುವರಿ ಜಾಗ) ಬಿಟ್ಟು ತೆಗೆದರೆ ಆಯಿತು.

ಮೂರನೇ ಶೂಟ್‌ಗೆ ಗಿಂಬಲ್ ತರಲಿಲ್ಲ. ಟ್ರೈಪಾಡ್, ಗೆಳೆಯನ 35 ಎಂಎಂ ಲೆನ್ಸ್, ಒಂದು ಎಲ್‌ಇಡಿ ಟ್ಯೂಬ್, ಬೆಳಕು ಬೌನ್ಸ್ ಮಾಡಲು ಬಿಳಿ ಬೆಡ್‌ಶೀಟ್, ಅಷ್ಟೇ. ಖರ್ಚು ಮೊದಲ ರಾತ್ರಿಯದರ ಹತ್ತನೇ ಒಂದು ಪಾಲೂ ಆಗಲಿಲ್ಲ. ಸಣ್ಣ ಸ್ಪೀಕರ್‌ನಲ್ಲಿ ಟ್ರ್ಯಾಕ್ ಹಾಕಿದೆವು, ನಟಿ ಅದಕ್ಕೆ ಸರಿಯಾಗಿ ನಡೆದಳು. ಸ್ಪೀಕರ್ ಸದ್ದು ಲೈವ್ ಸೌಂಡನ್ನು ಕೆಡಿಸುತ್ತದೆ, ಅದಕ್ಕೆ ಪ್ರತಿ ಶಾಟ್ ಆದಮೇಲೆ ಸ್ಪೀಕರ್ ಇಲ್ಲದೆ ಇನ್ನೊಂದು ಟೇಕ್ ತೆಗೆದೆವು, ಉಸಿರು ಮತ್ತು ಬಟ್ಟೆಯ ಸದ್ದು ಸಿಕ್ಕಿದ್ದು ಅದರಿಂದ. ಒಂದು ತೊಂದರೆ ಬಂತು. ರಿಂಗ್ ಎಲ್ಲಿ ಬರುತ್ತದೆ ಅಂತ ಅವಳಿಗೆ ಬಾಯಿಪಾಠ ಆಗಿ, ಮುಖ ಒಂದು ಕ್ಷಣ ಮೊದಲೇ ತಿರುಗುತ್ತಿತ್ತು. ಕೊನೆಗೆ ಅದು ಅಷ್ಟು ಸಹಜವಾಗಿ ಬಂದದ್ದು ಹೇಗೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ಅದನ್ನು ಮಾತ್ರ ಈಗ ಹೇಳುವುದಿಲ್ಲ, ಮುಂದಿನ ಫಿಲ್ಮ್‌ಗೂ ಬೇಕು.

ಮೆಟ್ಟಿಲ ಟ್ಯೂಬ್‌ಲೈಟ್ ಮಾನಿಟರ್‌ನಲ್ಲಿ ಸಣ್ಣಗೆ ಮಿನುಗುತ್ತಿತ್ತು. 24 ಎಫ್‌ಪಿಎಸ್‌ಗೆ (ಸೆಕೆಂಡಿಗೆ 24 ಫ್ರೇಮ್) ಶಟರ್ 1/48 ಸೆಕೆಂಡ್ ಅಂತ ಕಣ್ಣುಮುಚ್ಚಿ ಇಟ್ಟಿದ್ದೆವು. 1/50ಕ್ಕೆ ತಂದಾಗ ನಿಂತಿತು. ಇದು 50 ಹರ್ಟ್ಸ್ ಕರೆಂಟ್ ಇರುವ ಕಡೆ, 60 ಇರುವ ಕಡೆ 1/60. ಡಿಮ್ ಮಾಡಿದ ಅಗ್ಗದ ಎಲ್‌ಇಡಿಗಳು ಇದಕ್ಕೂ ಬಗ್ಗುವುದಿಲ್ಲ, ಪೂರ್ತಿ ಬ್ರೈಟ್ ಇಟ್ಟು ಮೇಲೆ ಬಟ್ಟೆ ಕಟ್ಟಿ.

ನಡುವೆ ಎರಡು ಪ್ರಯೋಗ ಮಾಡಿದೆ. ರಾತ್ರಿ ಎದ್ದಿರುವುದು ತಪ್ಪಲಿ ಅಂತ ಹಗಲಲ್ಲೇ ಬೆಳಕು ಎರಡು ಸ್ಟಾಪ್ (ಅಂದರೆ ಕಾಲು ಭಾಗಕ್ಕೆ) ಕಡಿಮೆ ಮಾಡಿ, ವೈಟ್ ಬ್ಯಾಲೆನ್ಸ್ (ಕ್ಯಾಮೆರಾದ ಬಣ್ಣದ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಟ್ಟು ನೀಲಿ ರಾತ್ರಿ ಮಾಡಿ ನೋಡಿದೆ. ಮೆಟ್ಟಿಲ ಕಿಟಕಿಯಲ್ಲಿ ಆಕಾಶ ಬೆಳ್ಳಗೆ ಉರಿಯುತ್ತಿತ್ತು, ಆಗಲಿಲ್ಲ. ಆಕಾಶ ಫ್ರೇಮಿಗೆ ಬರದಿದ್ದರೆ ಆಗುತ್ತದೆ ಅಂತ ಇವತ್ತಿಗೂ ನನ್ನ ನಂಬಿಕೆ. ಇನ್ನೊಂದು, ಲೆನ್ಸ್ ಹಿಂಭಾಗಕ್ಕೆ ಕಪ್ಪು ಸ್ಟಾಕಿಂಗ್ ಬಿಗಿದು ತೆಗೆದದ್ದು. ಬಲ್ಬಿನ ಸುತ್ತ ಎಂಥಾ ಚೆಂದದ ಮಂಜು ಬೆಳಕು! ಆದರೆ ಬಾಗಿಲ ಹಿಡಿ ಅದರಲ್ಲಿ ಕರಗಿಹೋಯಿತು. ಕೊನೆಗೆ ಒಂದೇ ಶಾಟ್‌ಗೆ ಬಳಸಿದೆ.

ರಫ್ ಕಟ್ ಒಂದೇ ಸಂಜೆಗೆ ಆಯಿತು. ಆಮೇಲಿನ ಒಂದು ವಾರ ಬರೀ ಫ್ರೇಮ್‌ಗಳ ಲೆಕ್ಕ. ಶುರುವಿನಲ್ಲಿ ಕಟ್‌ಗಳನ್ನು ಹೆಜ್ಜೆ ಸದ್ದಿನ ಮೇಲೇ ಹಾಕಿದ್ದೆ, ಆಲ್ಬಂ ಸಾಂಗ್ ನೋಡಿದ ಹಾಗಿತ್ತು. ಕಟ್‌ಗಳನ್ನು ಆರೇಳು ಫ್ರೇಮ್ ತಡ ಮಾಡಿದೆ, ಸದ್ದು ಮೊದಲು ಚಿತ್ರ ಆಮೇಲೆ, ಆಗ ಕೂತಿತು. ರಿಂಗ್ ಅಂತೂ ಬಾಗಿಲು ಕಾಣುವ ಎರಡು ಸೆಕೆಂಡ್ ಮೊದಲೇ ಶುರು. ಅದು ಮೂರು ಸೆಕೆಂಡ್ ಆದರೆ ಜನ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ನಿಜವಾಗಿ ನೋಡಿದ್ದೇನೆ. ಫೋನ್ ಎತ್ತಿದ ಮೇಲೆ 14 ಫ್ರೇಮ್ ಪೂರ್ತಿ ಮೌನ, ಆಮೇಲೆ ಟೈಟಲ್. ಪೂರ್ತಿ ಮೌನ ಅಂದರೆ ರೂಮ್ ಟೋನ್ ಕೂಡ ಇಲ್ಲ. ಇದಕ್ಕೂ ಎಲ್ಲರೂ ಬೇಡ ಅಂದರು, ಸ್ಪೀಕರ್ ಕೆಟ್ಟಿತು ಅನ್ಕೋತಾರೆ ಅಂತ. ನಾನು ಬಿಡಲಿಲ್ಲ. ಮೊದಲ ಪ್ರದರ್ಶನದಲ್ಲಿ ಅಲ್ಲೇ ಹಾಲ್ ಗಪ್‌ಚುಪ್ ಆದದ್ದು.

ಆದರೆ ಅವತ್ತು ಪ್ರೊಜೆಕ್ಟರ್‌ನಲ್ಲಿ ಕಪ್ಪು ಭಾಗಗಳು ಪೂರ್ತಿ ಮುಳುಗಿ, ತೆರೆದ ಬಾಗಿಲಿನ ಸಂದು ಕಾಣಲೇ ಇಲ್ಲ. ಲ್ಯಾಪ್‌ಟಾಪ್ ನೋಡಿ ಗ್ರೇಡ್ (ಬಣ್ಣ, ಬೆಳಕು ಹೊಂದಿಸುವುದು) ಮಾಡಿದ್ದೆ, ತಪ್ಪು ನನ್ನದು. ಸಂದು ಇರುವ ಎರಡು ಶಾಟ್‌ಗಳ ಶ್ಯಾಡೋ ಸ್ವಲ್ಪ ಎತ್ತಿ, ಹಾಲ್ ಖಾಲಿ ಇದ್ದಾಗ ಅದೇ ಪ್ರೊಜೆಕ್ಟರ್‌ನಲ್ಲಿ ಹಾಕಿ ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಎರಡನೇ ಪ್ರದರ್ಶನದಲ್ಲಿ ಸಂದು ಕಂಡಿತು.