ಐಸ್‌ಕ್ರೀಮ್ ಮುಗಿದ ಮೇಲೂ ನೋವು ಉಳಿದರೆ

ಉಡುಪಿಯ ನನ್ನ ಕ್ಲಿನಿಕ್ಕಿಗೆ ಹಲ್ಲುನೋವು ಅಂತ ಯಾರು ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ನೋವು ಎಷ್ಟು ಹೊತ್ತು ಇರುತ್ತದೆ? ಗಡ್‌ಬಡ್ ಐಸ್‌ಕ್ರೀಮ್ ತಿನ್ನುವಾಗ ಜುಂ ಅಂದು ಕೆಲವೇ ಸೆಕೆಂಡಿನಲ್ಲಿ ಹೋದರೆ ಗಾಬರಿ ಬೇಡ. ಹುಳುಕು ತೆಗೆದು ಫಿಲ್ಲಿಂಗ್ ಮಾಡಿದರೆ ಹೆಚ್ಚಿನ ಸಲ ಸಾಕು. ಐಸ್‌ಕ್ರೀಮ್ ಮುಗಿದ ಮೇಲೂ ನೋವು ಎಳೆಯುತ್ತಾ ಇದ್ದರೆ, ಸುಮ್ನೆ ಮಲಗಿದ್ದಾಗಲೂ ಎದ್ದು ನಿದ್ದೆ ಕೆಡಿಸಿದರೆ, ಒಳಗಿನ ನರ ಚೇತರಿಸಿಕೊಳ್ಳುವ ಹಂತ ದಾಟಿದೆ ಅಂತ ಅನುಮಾನ ಬರುತ್ತದೆ. ಆಗ ಬೇಕಾಗುವುದು ರೂಟ್ ಕೆನಾಲ್, ಅಂದರೆ ಬೇರಿನೊಳಗಿನ ನರ ತೆಗೆದು, ಅದಿದ್ದ ನಾಳ ತೊಳೆದು ತುಂಬಿಸುವುದು. ನರ ಊದಿಕೊಳ್ಳುತ್ತದೆ, ಸುತ್ತ ಗಟ್ಟಿ ಗೋಡೆ, ಹಿಗ್ಗಲು ಜಾಗವಿಲ್ಲ. ಅಷ್ಟು ನೋವು ಬರುವುದು ಅದಕ್ಕೇ.

ಅದಕ್ಕಿಂತ ಕಷ್ಟ, ನೋವೇ ಇಲ್ಲದವರಿಗೆ ಹೇಳಿ ಒಪ್ಪಿಸುವುದು. ಮಲ್ಪೆಯಲ್ಲಿ ಮೀನು ಮಾರುವ ಅಮ್ಮ ಒಬ್ಬರು ಬಂದಿದ್ದರು. "ಡಾಕ್ಟ್ರೇ, ಮೊದಲು ಜೀವ ಹೋಗುವಷ್ಟು ನೋವಿತ್ತು. ಈಗ ಎಂತದೂ ಇಲ್ಲ. ಒಮ್ಮೆ ತೋರಿಸಿ ಹೋಗುವ ಅಂತ ಬಂದೆ." ಕೆಳಗಿನ ದವಡೆಹಲ್ಲಿಗೆ ತಣ್ಣನೆ ಹತ್ತಿ ಮುಟ್ಟಿಸಿದೆ. ಗೊತ್ತೇ ಆಗಲಿಲ್ಲ. ಕನ್ನಡಿಯ ಹಿಡಿಯಿಂದ ಮೆಲ್ಲ ತಟ್ಟಿದಾಗ ಮಾತ್ರ "ಅಯ್ಯೋ, ಅದೇ!" ಅಂದರು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು. ನರ ಸತ್ತಿತ್ತು, ಸೋಂಕು ಮೂಳೆಗೆ ಇಳಿದಿತ್ತು.

"ಮಾತ್ರೆಯಲ್ಲಿ ಆಗ್ಲಿಕ್ಕಿಲ್ವಾ?" ಎಲ್ಲರೂ ಕೇಳುವ ಪ್ರಶ್ನೆ. ಸತ್ತ ನರಕ್ಕೆ ರಕ್ತ ಹರಿಯುವುದಿಲ್ಲ, ಮಾತ್ರೆ ಅಲ್ಲಿಗೆ ಮುಟ್ಟುವುದು ಹೇಗೆ? ಬಾವು ಹರಡಿದರೆ, ಜ್ವರ ಬಂದರೆ ಆಂಟಿಬಯೋಟಿಕ್ ಬೇಕು. ಆದರೂ ಒಳಗಿನ ಕೊಳೆ ತೆಗೆಯಲೇಬೇಕು.

ಆ ಅಮ್ಮನಿಗೆ ಇಂಜೆಕ್ಷನ್ ಕೊಟ್ಟು ತುಟಿ ಮರಗಟ್ಟಿದ ಮೇಲೆ ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿದೆ. ಜನಕ್ಕೆ ಇದು ಕಿರಿಕಿರಿ, ಆದರೆ ನಾನು ಬಿಡುವುದಿಲ್ಲ. ಎಂಜಲು ಒಳಗೆ ಹೋಗಬಾರದು, ನಾವು ಹಾಕುವ ಔಷಧಿ ಗಂಟಲಿಗೆ ಇಳಿಯಬಾರದು. ಆ ಔಷಧಿ ಸೋಡಿಯಂ ಹೈಪೋಕ್ಲೋರೈಟ್, ಬಟ್ಟೆಯ ಬ್ಲೀಚ್‌ನಲ್ಲಿ ಇರುವುದೇ. ಈ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ. ನಾಲ್ಕನೆಯದೂ ಇರಬಹುದು, ಅದನ್ನು ಬಿಟ್ಟರೆ ಸೋಂಕು ಅಲ್ಲೇ ಉಳಿಯುತ್ತದೆ. ಇವರಿಗೆ ಇತ್ತು. ಫೈಲ್ ಎಂಬ ನಾಳ ಕೆರೆಯುವ ಸಪೂರ ಸೂಜಿ ಹಾಕಿ ತಡಕಾಡುವಾಗ ತುದಿ ಚೂರು ಕಚ್ಚಿಕೊಂಡಿತು, ಸಿಕ್ಕಿತು ಅಂತ ಗೊತ್ತಾಯಿತು. ನಿಜ ಹೇಳಬೇಕೆಂದರೆ ಫೈಲ್ ಎಲ್ಲ ಗೋಡೆಗೂ ತಾಗುವುದಿಲ್ಲ. ಸೋಂಕು ಕೊಲ್ಲುವ ಕೆಲಸ ಜಾಸ್ತಿ ಆ ಔಷಧಿ ನೀರಿನದ್ದೇ. ಕೊನೆಗೆ ನಾಳ ತುಂಬಿಸುವುದು ಗಟ್ಟಾಪರ್ಚಾದಿಂದ. ಅದೂ ಮರದ ಹಾಲೇ, ನಮ್ಮ ಸುಳ್ಯ, ಬೆಳ್ತಂಗಡಿಯ ತೋಟದ ರಬ್ಬರಿಗೆ ನೆಂಟ.

ಜನ ಕೈಕೊಡುವುದು ಇದರ ನಂತರ. ನೋವು ಹೋಯಿತಲ್ಲ, ಹಲ್ಲಿನ ಮೇಲೆ ಕೂರಿಸುವ ಕ್ಯಾಪ್ ಯಾಕೆ ಅಂತ. ಹುಳುಕಿಗೂ ನಮ್ಮ ಕೊರೆತಕ್ಕೂ ಸೇರಿ ಹಲ್ಲು ಎಷ್ಟೋ ಸವೆದಿರುತ್ತದೆ. ಅಗಿಯುವ ಭಾರ ಬೀಳುವ ದವಡೆಹಲ್ಲು ಕ್ಯಾಪ್ ಇಲ್ಲದೆ ಕೋರಿರೊಟ್ಟಿ ಕಡಿಯುವಾಗ ಲಟಕ್ ಅನ್ನಬಹುದು. ಬೇರಿನವರೆಗೆ ಸೀಳಿದರೆ ಕೀಳುವುದೇ ಗತಿ.

ಮೊದಲೇ ಹಾಗೆ ಸೀಳಿದ್ದರೆ, ವಸಡು ಹಾಳಾಗಿ ಹಲ್ಲು ಪೂರ್ತಿ ಅಲ್ಲಾಡುತ್ತಿದ್ದರೆ ನಾನು ರೂಟ್ ಕೆನಾಲ್‌ಗೆ ಕೈ ಹಾಕುವುದಿಲ್ಲ, ಸುಮ್ನೆ ದುಡ್ಡು ದಂಡ. ಇನ್ನು ಮುಖ ಊದಿ ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ ಮಾರಾಯ್ರೇ, ಆಗಲೇ ಆಸ್ಪತ್ರೆಗೆ ಹೋಗಿ.