ಡ್ರಿಲ್ ಹಿಡಿಯುವ ಮೊದಲು ಗೋಡೆ ಯಾವುದು ನೋಡಿ

ಮುಂಬೈ, ಪುಣೆಯ ಹೊಸ ಫ್ಲ್ಯಾಟುಗಳಲ್ಲಿ ಕೆಂಪು ಇಟ್ಟಿಗೆಯ ಗೋಡೆ ಈಗ ಅಪರೂಪ. ಡೊಂಬಿವಲಿ, ಠಾಣೆ, ಪನ್ವೇಲ್, ಹಿಂಜೆವಾಡಿ, ವಾಕಡ್, ಎಲ್ಲಿ ನೋಡಿದರೂ ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕ್, ಇಲ್ಲವೇ ಅಚ್ಚಿನಲ್ಲಿ ಸುರಿದ ಮಿವಾನ್ ಕಾಂಕ್ರೀಟ್. ಪುಟ್ಟಿ ಹಾಕಿ ಪೇಂಟ್ ಬಳಿದರೆ ಎರಡೂ ಒಂದೇ ತರ ಕಾಣುತ್ತವೆ. ಫಜೀತಿ ಶುರುವಾಗುವುದು ಗೃಹಪ್ರವೇಶ ಮುಗಿದ ಮೇಲೆ, ಗೀಜರ್ ಕೂರಿಸಲು ಹುಡುಗ ಬಂದಾಗ. ಒಂದು ಗೋಡೆಯಲ್ಲಿ ಡ್ರಿಲ್ ಒಳಗೇ ಹೋಗುವುದಿಲ್ಲ. ಇನ್ನೊಂದರಲ್ಲಿ ಸಲೀಸಾಗಿ ಹೋಗುತ್ತದೆ, ಆದರೆ ಸ್ಕ್ರೂ ನಿಲ್ಲುವುದಿಲ್ಲ.

ಹಾಗಂತ ಇವು ಕೆಟ್ಟ ಗೋಡೆಗಳೇನಲ್ಲ. ಕೆಲಸ ಬೇಗ ಮುಗಿಯುತ್ತದೆ, ಪ್ಲಾಸ್ಟರ್ ಕಮ್ಮಿ, ಆಳು ಕಮ್ಮಿ, ಅದಕ್ಕೇ ಬಿಲ್ಡರಿಗೆ ಇವು ಇಷ್ಟ. ಅವರ ಲಾಭ ಕಟ್ಟುವಾಗಲೇ ಕೈಗೆ ಬರುತ್ತದೆ. ಪಥ್ಯ ಮಾತ್ರ ಮನೆಯಲ್ಲಿ ಇರುವಷ್ಟು ದಿನವೂ ನಮ್ಮದು. ಆ ಪಥ್ಯ ಏನು ಅನ್ನುವುದನ್ನು ಕೀ ಕೊಡುವಾಗ ಯಾರೂ ಹೇಳುವುದಿಲ್ಲ.

ಮೊದಲು ಗುರುತು ಹಿಡಿಯಿರಿ

ಅಗ್ರಿಮೆಂಟಿನ ಕೊನೆಯ ಹಾಳೆಗಳಲ್ಲಿ ಕಟ್ಟಡಕ್ಕೆ ಬಳಸಿದ ಸಾಮಾನಿನ ಪಟ್ಟಿ ಇರುತ್ತದೆ. ಅದನ್ನು ಓದಿ. ಸಿಗದಿದ್ದರೆ ಗೋಡೆಯನ್ನೇ ಕೇಳಬಹುದು. ಬೆರಳ ಗೆಣ್ಣಿನಿಂದ ತಟ್ಟಿ. ಗೆಣ್ಣು ನೋಯುವಷ್ಟು ಗಟ್ಟಿಯಿದ್ದು ಸದ್ದೇ ಬರದಿದ್ದರೆ ಕಾಂಕ್ರೀಟ್. ಡಬ್ ಅಂತ ಮಂಕಾದ ಸದ್ದು ಬಂದರೆ ಬ್ಲಾಕ್. ಟೊಳ್ಳು ಟೊಳ್ಳಾಗಿ ಕೇಳಿದರೆ ತಗಡಿನ ಚೌಕಟ್ಟಿಗೆ ಜಿಪ್ಸಂ ಬೋರ್ಡ್ ಹೊಡೆದ ಡ್ರೈವಾಲ್ ಪಾರ್ಟಿಷನ್.

ಇನ್ನೂ ಅನುಮಾನವೇ? ಕಣ್ಣಿಗೆ ಬೀಳದ ಮೂಲೆಯಲ್ಲಿ, ಬೀರುವಿನ ಹಿಂದೆಯೋ ಬಾಗಿಲ ಹಿಂದೆಯೋ, ಒಂದು ಸಣ್ಣ ತೂತು ಕೊರೆದು ಕೆಳಗೆ ಬಿಳಿ ಕಾಗದ ಹಿಡಿಯಿರಿ. ಬೀಳುವ ಪುಡಿ ಎಲ್ಲ ಹೇಳುತ್ತದೆ. ಕೆಂಪು ಪುಡಿ ಅಂದರೆ ಇಟ್ಟಿಗೆ. ಮೊದಲ ಅರ್ಧ ಇಂಚು ಸೀಮೆಸುಣ್ಣದಂಥ ಬಿಳಿ ಬಂದರೆ ಅದು ಮೇಲಿನ ಜಿಪ್ಸಂ ಪ್ಲಾಸ್ಟರ್, ಅಲ್ಲಿಗೇ ನಿಲ್ಲಿಸಬೇಡಿ. ಆಮೇಲೆ ತಿಳಿ ಬೂದು ಬಣ್ಣದ ಹಗುರ ಪುಡಿ ಉದುರುತ್ತಾ ಡ್ರಿಲ್ ಸುಮ್ನೆ ಒಳಗೆ ಹೋದರೆ ಎಎಸಿ. ಡ್ರಿಲ್ ಕಿರುಚಿ, ಚೂರು ಚೂರೇ ಗಾಢ ಬೂದು ಪುಡಿ ಬಂದರೆ ಕಾಂಕ್ರೀಟ್. ಒಂದೇ ಮನೆಯಲ್ಲಿ ಎರಡೂ ಇರಬಹುದು. ಕಂಬ, ತೊಲೆ ಕಾಂಕ್ರೀಟಿನದು, ನಡುವಿನ ಗೋಡೆ ಬ್ಲಾಕಿನದು. ಹಾಗಾಗಿ ಒಂದು ಕಡೆ ನೋಡಿ ಇಡೀ ಮನೆಗೆ ತೀರ್ಮಾನ ಮಾಡಬೇಡಿ.

ಎಎಸಿ ಗೋಡೆಗೆ ಭಾರ ಹಾಕುವುದು

ಎಎಸಿ ನಮ್ಮಲ್ಲಿ ಹೊಸದು ಅನಿಸಿದರೂ ಹುಟ್ಟಿ ನೂರು ವರ್ಷವಾಯಿತು. 1920ರ ದಶಕದಲ್ಲಿ ಸ್ವೀಡನ್ನಿನ ವಾಸ್ತುಶಿಲ್ಪಿ ಯೋಹಾನ್ ಆಕ್ಸೆಲ್ ಎರಿಕ್ಸನ್ ಇದನ್ನು ರೂಪಿಸಿದರು. ನಮ್ಮ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಸಿಮೆಂಟ್, ಸುಣ್ಣ, ಜಿಪ್ಸಂ ಕಲಸಿ, ಚಿಟಿಕೆಯಷ್ಟು ಅಲ್ಯುಮಿನಿಯಂ ಪುಡಿ ಸೇರಿಸುತ್ತಾರೆ. ಸುಣ್ಣ ತಾಗಿದ ಅಲ್ಯುಮಿನಿಯಂ ಹೈಡ್ರೋಜನ್ ಗುಳ್ಳೆ ಬಿಡುತ್ತದೆ, ಮಿಶ್ರಣ ಉಬ್ಬುತ್ತದೆ. ಅದನ್ನು ತಂತಿಯಿಂದ ಕತ್ತರಿಸಿ, ಹೆಚ್ಚಿನ ಒತ್ತಡದ ಹಬೆಯಲ್ಲಿ ಬೇಯಿಸಿದರೆ ಬ್ಲಾಕ್ ತಯಾರು. ಎರಡಡಿ ಉದ್ದ, ಎಂಟಿಂಚು ಎತ್ತರ, ಆರಿಂಚು ದಪ್ಪದ ಒಂದು ಒಣ ಬ್ಲಾಕ್ ಸುಮಾರು 11 ಕಿಲೋ ತೂಗುತ್ತದೆ. ಅಷ್ಟೇ ಜಾಗದ ಇಟ್ಟಿಗೆ ಗೋಡೆ 30 ಕಿಲೋ ದಾಟುತ್ತದೆ. ಇಪ್ಪತ್ತು ಮೂವತ್ತು ಮಾಳಿಗೆ ಎತ್ತುವವರಿಗೆ ಇದು ಎಷ್ಟು ದೊಡ್ಡ ಉಳಿತಾಯ ಲೆಕ್ಕ ಹಾಕಿ. ಬಿಸಿಲಿನ ಕಾವೂ ಒಳಗೆ ಕಮ್ಮಿ ಬರುತ್ತದೆ.

ಆದರೆ ಹಗುರ ಅಂದರೆ ಒಳಗೆಲ್ಲ ಗಾಳಿ. ಸ್ಕ್ರೂ ಕಚ್ಚಿ ಹಿಡಿಯಲು ಅಲ್ಲಿ ಗಟ್ಟಿ ವಸ್ತು ಜಾಸ್ತಿ ಇಲ್ಲ. ಊರಲ್ಲಿ ಮುರಕಲ್ಲಿನ ಗೋಡೆಗೆ ಮೊಳೆ ಹೊಡೆದು ಅಭ್ಯಾಸವಾದ ಕೈಗೆ ಇದು ಬೇಗ ಅರ್ಥವಾಗುವುದಿಲ್ಲ.

ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಗುಂಡಿ ಬಂದ್ ಮಾಡಿಸಿ, ಬರೀ ತಿರುಗುವಂತೆ ಇಟ್ಟುಕೊಳ್ಳಲಿ. ಹ್ಯಾಮರ್ ಹೊಡೆತಕ್ಕೆ ಬ್ಲಾಕಿನ ಒಳಗಡೆ ಪುಡಿಯಾಗಿ, ತೂತು ಬಾಯಿಗಿಂತ ಹೊಟ್ಟೆಯಲ್ಲಿ ದೊಡ್ಡದಾಗುತ್ತದೆ. ಆಮೇಲೆ ಹುಡುಗ ಏನು ಮಾಡುತ್ತಾನೆ ಗೊತ್ತಲ್ಲ, ಒಂದು ಕಟ್ಟಿಗೆ ಚೂರು ತುರುಕಿ, ಮೇಲೆ ಎಂಸೀಲ್ ಮೆತ್ತಿ, "ಹೋ ಗಯಾ ಸಾಬ್" ಅಂತ ಹೊರಡುತ್ತಾನೆ. ಅದನ್ನು ಒಪ್ಪಬೇಡಿ. ಗಡಿಯಾರ, ಫೋಟೊಗೆ ಅದು ನಡೆದೀತು. ಗೀಜರಿಗೆ ನಡೆಯುವುದಿಲ್ಲ. 15 ಲೀಟರಿನ ಗೀಜರಿನಲ್ಲಿ ನೀರೇ 15 ಕಿಲೋ, ಡಬ್ಬಿಯ ತೂಕ ಬೇರೆ. ಕೆಳಗೆ ನಿಂತು ಸ್ನಾನ ಮಾಡುವವರು ನಾವೇ.

ಗೀಜರ್ ಜೊತೆ ಬರುವ ಚಿಕ್ಕ ಪ್ಲಗ್ ಪಕ್ಕಕ್ಕಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಎಎಸಿಗೆಂದೇ ಸಿಗುವ ಉದ್ದನೆಯ ನೈಲಾನ್ ಪ್ಲಗ್ ಕೇಳಿ. ಕೆಳಗಿನ ಶೆಲ್ಫು, ಕಪಾಟಿಗೆಲ್ಲ ಅದು ಸಾಕು. ಗೀಜರ್, ಅಡುಗೆಮನೆಯ ಮೇಲಿನ ಕಪಾಟಿನ ಸಾಲು, ಗೋಡೆಯಿಂದ ಮುಂದಕ್ಕೆ ಚಾಚುವ ಟಿವಿ ಸ್ಟ್ಯಾಂಡ್ ಇವಕ್ಕೆ ಕೆಮಿಕಲ್ ಆಂಕರ್ ಹಾಕಿಸಿ. ತೂತಿನ ಪುಡಿಯನ್ನೆಲ್ಲ ಊದಿ ತೆಗೆದು, ಅಂಟು ತುಂಬಿ, ಸಲಾಕೆ ಕೂರಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಟ್ಟದೆ ಬಿಡಬೇಕು. ಅವಸರದ ಹುಡುಗರು ತಪ್ಪುವುದು ಈ ಕೊನೆಯ ಮಾತಿನಲ್ಲೇ. ಏಸಿಯ ಹೊರಗಿನ ಯೂನಿಟ್ ಭಾರವೂ ಹೌದು, ದಿನವಿಡೀ ನಡುಗುತ್ತದೆ ಕೂಡ. ಅದಕ್ಕೆ ಗೋಡೆಯ ಆಚೆಯಿಂದ ಈಚೆಗೆ ಬೋಲ್ಟ್ ಹಾಯಿಸಿ, ಒಳಗಡೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯುವುದೇ ಸರಿ. ಹತ್ತಿರ ಕಾಂಕ್ರೀಟ್ ತೊಲೆಯೋ ಕಂಬವೋ ಇದ್ದರೆ ಇನ್ನೂ ಒಳ್ಳೆಯದು, ಅಲ್ಲೇ ಹಾಕಿಸಿ.

ಬಿರುಕು ಕಂಡರೆ

ಎಎಸಿ ಮನೆಗಳಲ್ಲಿ ಮೊದಲೆರಡು ವರ್ಷ ಸಣ್ಣಪುಟ್ಟ ಬಿರುಕು ಬರುತ್ತದೆ. ಗಾಬರಿ ಬೇಡ, ಆದರೆ ಎಲ್ಲಿ ಬಂದಿದೆ ನೋಡಿ. ಪ್ಲಾಸ್ಟರ್ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕು ಬರೀ ಒಣಗುವಾಗಿನದು. ತೊಲೆಯ ಕೆಳಗೆ ಅಡ್ಡಕ್ಕೆ, ಕಂಬದ ಪಕ್ಕ ಉದ್ದಕ್ಕೆ ನೇರ ಗೆರೆ ಎದ್ದರೆ, ಕಾಂಕ್ರೀಟೂ ಬ್ಲಾಕೂ ಕೂಡುವಲ್ಲಿ ಜಾಳಿಗೆ ಹಾಕಿಲ್ಲ, ಅಥವಾ ಸರಿಯಾಗಿ ಹಾಕಿಲ್ಲ ಎಂದರ್ಥ. ಎರಡೂ ಬಿಸಿಲಿಗೆ, ತೇವಕ್ಕೆ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಪುಟ್ಟಿ ತುಂಬಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಬಿರುಕನ್ನು ಸ್ವಲ್ಪ ಅಗಲಿಸಿ, ಹಿಗ್ಗಿ ಕುಗ್ಗುವ ಕ್ರ್ಯಾಕ್ ಫಿಲ್ಲರ್ ತುಂಬಿ, ಮೇಲೆ ಫೈಬರ್ ಜಾಳಿಗೆಯ ಪಟ್ಟಿ ಅಂಟಿಸಿ, ಆಮೇಲೆ ಪುಟ್ಟಿ ಹಾಕಿಸಬೇಕು.

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟದ್ದು, ಬ್ಲಾಕಿನ ಸಂದಿ ಹಿಡಿದು ಮೆಟ್ಟಿಲಿನಂತೆ ಇಳಿದದ್ದು, ಇವುಗಳ ಮೇಲೆ ನಿಗಾ ಇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆಯಿರಿ. ತಿಂಗಳ ಮೇಲೆ ನೋಡಿದಾಗ ಗೆರೆ ದಾಟಿ ಮುಂದೆ ಹೋಗಿದ್ದರೆ, ಅಥವಾ ನಾಣ್ಯ ತೂರುವಷ್ಟು ಅಗಲವಾಗಿದ್ದರೆ, ಪೇಂಟರನ್ನು ಬಿಟ್ಟು ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಯಿರಿ.

ನೀವೇ ಹೊಸ ಪಾರ್ಟಿಷನ್ ಗೋಡೆ ಕಟ್ಟಿಸುವುದಾದರೆ ಗೌಂಡಿಯ ಪಕ್ಕ ಸ್ವಲ್ಪ ನಿಲ್ಲಿ. ಇಟ್ಟಿಗೆ ನೀರಲ್ಲಿ ಅದ್ದಿ ಕಟ್ಟಿ ರೂಢಿಯಾದವರು ಬ್ಲಾಕನ್ನೂ ಅದ್ದುತ್ತಾರೆ. ಬ್ಲಾಕ್ ನೀರು ಹೀರಿ ಉಬ್ಬಿ, ಒಣಗುವಾಗ ಕುಗ್ಗಿ, ಬಿರುಕಿಗೆ ಅಲ್ಲೇ ಬೀಜ ಬೀಳುತ್ತದೆ. ಮೇಲ್ಮೈ ಚೂರು ಒದ್ದೆ ಮಾಡಿದರೆ ಸಾಕು. ಸಂದಿಗೆ ಮರಳು ಸಿಮೆಂಟ್ ದಪ್ಪಗೆ ಬಳಿಯುವ ಬದಲು ಚೀಲದಲ್ಲಿ ಬರುವ ಬ್ಲಾಕ್ ಜಾಯಿಂಟಿಂಗ್ ಅಂಟನ್ನು ಮೂರು ಮಿಲಿಮೀಟರ್ ಹಚ್ಚಲಿ. ಪ್ಲಾಸ್ಟರಿಗೆ ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಅನ್ನುವುದೂ ಇಲ್ಲಿ ನಡೆಯುವುದಿಲ್ಲ. ಮೆತ್ತನೆ ಬ್ಲಾಕಿನ ಮೇಲೆ ಬಿರುಸು ಪ್ಲಾಸ್ಟರ್ ಬೇಗ ಸೀಳುತ್ತದೆ.

ಮಳೆಗಾಲ

ಮುಂಬೈಯಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ನೈಋತ್ಯದಿಂದ ಬೀಸಿ ನೀರನ್ನು ಗೋಡೆಗೆ ಒತ್ತುತ್ತದೆ. ಎಎಸಿ ನೀರು ಕುಡಿಯುವುದು ಜಾಸ್ತಿ, ಬಿಡುವುದು ನಿಧಾನ. ಹೊರಗಿನ ಪ್ಲಾಸ್ಟರ್, ಪೇಂಟ್ ಗಟ್ಟಿಯಿರುವ ತನಕ ತೊಂದರೆ ಇಲ್ಲ. ಅದು ಬಿರಿದರೆ ಒಳಗೆ ಪೇಂಟ್ ಗುಳ್ಳೆ ಎದ್ದು, ಬಿಳಿ ಉಪ್ಪು ಉದುರುತ್ತದೆ.

ಇಲ್ಲಿ ಎಲ್ಲರೂ ದುಡ್ಡು ಕಳೆದುಕೊಳ್ಳುವುದು ಒಂದೇ ತರ. ಒಳಗಿನಿಂದ ದುಬಾರಿ ವಾಟರ್‌ಪ್ರೂಫ್ ಪೇಂಟ್ ಬಳಿಯುತ್ತಾರೆ. ನೀರು ಹೊರಗಿನಿಂದ ಬರುತ್ತಲೇ ಇರುತ್ತದೆ, ಗುಳ್ಳೆ ಒಂದಡಿ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಮೊದಲು ಹೊರಗಿನ ಬಿರುಕು, ಕಿಟಕಿ ಚೌಕಟ್ಟಿನ ಸುತ್ತಲ ಸೀಲೆಂಟ್, ಏಸಿ ಪೈಪಿನ ತೂತು ಮುಚ್ಚಿಸಿ. ಗೋಡೆ ಪೂರಾ ಒಣಗಲು ಒಂದು ಬೇಸಿಗೆ ಬೇಕಾಗಬಹುದು. ಆಮೇಲೆ ಪೇಂಟ್. ಮಹಾರಾಷ್ಟ್ರದ ಸೊಸೈಟಿಗಳ ಮಾದರಿ ಉಪನಿಯಮದ ಪ್ರಕಾರ ಹೊರಗೋಡೆಯಿಂದ ಬರುವ ಮಳೆನೀರಿನ ಸೋರಿಕೆ ಸೊಸೈಟಿಯ ಖರ್ಚು, ಬಾತ್‌ರೂಮ್, ಸಿಂಕಿನ ಸೋರಿಕೆ ಮನೆಯವರದು. ಕಮಿಟಿಗೆ ಪತ್ರ ಬರೆಯುವಾಗ ಇದು ನೆನಪಿರಲಿ.

ಒಳಗಡೆ ಜಿಪ್ಸಂ ಪ್ಲಾಸ್ಟರ್ ಇದ್ದರೆ ಇನ್ನೂ ಹುಷಾರು. ಕ್ಯೂರಿಂಗ್ ಬೇಡ, ನುಣುಪಾಗಿ ಬರುತ್ತದೆ ಅಂತ ಅದನ್ನು ಹಾಕುತ್ತಾರೆ. ನೀರು ತಾಗಿದರೆ ಮೆತ್ತಗಾಗಿ ಉದುರುತ್ತದೆ. ಬಾತ್‌ರೂಮಿನ ಹಿಂಬದಿ ಗೋಡೆಗೆ, ಸಿಂಕಿನ ಹತ್ತಿರಕ್ಕೆ ಅದು ಬೇಡವೇ ಬೇಡ.

ಮಿವಾನ್ ಮನೆಯಾದರೆ

ಅಲ್ಯುಮಿನಿಯಂ ಅಚ್ಚು ಜೋಡಿಸಿ, ಗೋಡೆಯನ್ನೂ ಸ್ಲ್ಯಾಬನ್ನೂ ಒಟ್ಟಿಗೇ ಕಾಂಕ್ರೀಟ್ ಸುರಿದು ಮಾಡುವ ಪದ್ಧತಿ ಇದು. ಹೆಸರು ಉತ್ತರ ಐರ್ಲೆಂಡಿನ ಮಿವಾನ್ ಕಂಪನಿಯದು, ಈಗ ಎಲ್ಲರ ಅಚ್ಚಿಗೂ ಅದೇ ಹೆಸರು ಅಂಟಿಕೊಂಡಿದೆ. ವಾರಕ್ಕೊಂದು ಮಾಳಿಗೆ ಏಳುತ್ತದೆ. ಭೂಕಂಪಕ್ಕೆ ಗಟ್ಟಿ. ಸಂದಿಗಳು ಕಮ್ಮಿ, ಹಾಗಾಗಿ ಸೋರುವುದೂ ಕಮ್ಮಿ. ಸೋರಿದರೆ ಅಚ್ಚು ಬಿಗಿದ ಕಡ್ಡಿಗಳ ತೂತುಗಳನ್ನು ಸರಿಯಾಗಿ ಮುಚ್ಚಿಲ್ಲವೇ ಅಂತ ಮೊದಲು ನೋಡಬೇಕು.

ದೊಡ್ಡ ಅನಾನುಕೂಲ ಒಂದಿದೆ: ಇಲ್ಲಿ ಹೆಚ್ಚಿನ ಗೋಡೆಗಳೇ ಕಟ್ಟಡವನ್ನು ಹೊತ್ತು ನಿಂತಿವೆ. ಹಾಲ್ ದೊಡ್ಡದು ಮಾಡೋಣ ಅಂತ ಒಡೆಯುವಂತಿಲ್ಲ. ಸ್ವಿಚ್‌ಬೋರ್ಡ್ ಸರಿಸಲು ಗೋಡೆ ಕೊರೆಯುವಂತಿಲ್ಲ, ಹೊಸ ವೈರು ಬೇಕಾದರೆ ಗೋಡೆಯ ಮೇಲೆ ಪಟ್ಟಿ ಹೊಡೆದು ಎಳೆಯಬೇಕು. ಕಟ್ಟುತ್ತಿರುವಾಗಲೇ ಫ್ಲ್ಯಾಟ್ ಬುಕ್ ಮಾಡಿದ್ದರೆ, ನಿಮ್ಮ ಮಾಳಿಗೆಗೆ ಕಾಂಕ್ರೀಟ್ ಬೀಳುವ ಮೊದಲು ವೈರಿಂಗ್ ನಕ್ಷೆ ತರಿಸಿ ನೋಡಿ. ದೇವರ ಕೋಣೆಗೆ ಒಂದು ಪಾಯಿಂಟ್, ಮಿಕ್ಸಿಗೆ ಒಂದು, ಏಸಿ ಪೈಪಿಗೆ ತೂತು, ಎಲ್ಲ ಆಗಲೇ ಹೇಳಬೇಕು. ತೂತು ಕೊರೆಯಲು ಹ್ಯಾಮರ್ ಡ್ರಿಲ್ಲೇ ಬೇಕು. ಸ್ವಿಚ್ಚಿನ ನೇರ ಮೇಲೆ ಕೆಳಗೆ ಬೇಡ, ವೈರು ಇರುತ್ತದೆ. ಒಳಗಿನ ಕಬ್ಬಿಣದ ಕಂಬಿ ತಾಗಿದರೆ ಒತ್ತದೆ ಎರಡಿಂಚು ಪಕ್ಕಕ್ಕೆ ಸರಿಯಿರಿ. ಪಶ್ಚಿಮದ ಗೋಡೆ ಮಧ್ಯಾಹ್ನ ಹೀರಿದ ಕಾವನ್ನು ರಾತ್ರಿ ಮಲಗುವಾಗ ಬಿಡುತ್ತದೆ. ಬೀರುಗಳನ್ನು ಆ ಗೋಡೆಗೆ ನಿಲ್ಲಿಸಿದರೆ ಸ್ವಲ್ಪ ತಡೆಯುತ್ತದೆ.

ಫ್ಯಾಕ್ಟರಿಯಲ್ಲಿ ಗೋಡೆ ಎರಕ ಹೊಯ್ದು ತಂದು ಜೋಡಿಸುವ ಪ್ರೀಕಾಸ್ಟ್ ಕೂಡ ಬಂದಿದೆ. 2022ರಲ್ಲಿ ನವಿ ಮುಂಬೈಯ ಬಾಮಣ್‌ಡೋಂಗ್ರಿಯಲ್ಲಿ ಸರ್ಕಾರದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ ಹೀಗೆ 96 ದಿನದಲ್ಲಿ 96 ಮನೆಯ ಕಟ್ಟಡ ಎಬ್ಬಿಸಿತು. ಅಂಥ ಮನೆಯಲ್ಲಿ ಎರಡು ತುಂಡು ಕೂಡುವ ಸಂದಿಯ ಸೀಲೆಂಟ್ ಮೇಲೆ ಕಣ್ಣಿಡಿ.

ದೋಷ ಕಂಡರೆ ಯಾರಿಗೆ ಹೇಳುವುದು

ಮನೆ ಕೊಳ್ಳುವವರ ರಕ್ಷಣೆಗಿರುವ ರೇರಾ ಕಾನೂನಿನ 14ನೇ ಸೆಕ್ಷನ್ ಪ್ರಕಾರ, ಪೊಸೆಷನ್ ಸಿಕ್ಕ ಐದು ವರ್ಷದೊಳಗೆ ಕಟ್ಟಡದ ದೋಷವನ್ನೋ ಕಳಪೆ ಕೆಲಸವನ್ನೋ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ಸೈಟ್ ಆಫೀಸಿನ ಹುಡುಗನಿಗೆ ಬಾಯಲ್ಲಿ ಹೇಳಿ ಬಿಡಬೇಡಿ, ಫೋಟೊ ಹಾಕಿ ಇಮೇಲ್ ಮಾಡಿ. ಸ್ಪಂದಿಸದಿದ್ದರೆ ಆ ಕಾನೂನಿನಡಿಯ ರಾಜ್ಯ ಪ್ರಾಧಿಕಾರವಾದ ಮಹಾರೇರಾದ ವೆಬ್‌ಸೈಟಿನಲ್ಲಿ ದೂರು ಕೊಡಬಹುದು. "ನಿಮ್ಮ ಇಂಟೀರಿಯರ್‌ನವನು ಕೊರೆದದ್ದರಿಂದಲೇ ಬಿರುಕು ಬಂತು" ಅಂತ ಬಿಲ್ಡರ್ ಕಡೆಯವರು ಹೇಳುವುದು ಮಾಮೂಲಿ. ಹಾಗಾಗಿ ಕೀ ಸಿಕ್ಕ ದಿನವೇ, ಬಡಗಿ ಒಳಗೆ ಕಾಲಿಡುವ ಮೊದಲು, ಪ್ರತಿ ಗೋಡೆಯ ಫೋಟೊ ತೆಗೆದಿಡಿ. ಬಾತ್‌ರೂಮಿನ ಹಿಂಬದಿಯ ಗೋಡೆಯದೂ ಸೇರಿಸಿ.