ಬಾಸ್ಕೆಟ್‌ಬಾಲ್ ನನಗೆ ನೌಕರಿ ಕೊಟ್ಟ ಬಗೆ

ಬಾಸ್ಕೆಟ್‌ಬಾಲ್ ಆಡಿದರೆ ಮುಂದೆ ಏನು ಎಂದು ಮಕ್ಕಳನ್ನು ಕೋರ್ಟಿಗೆ ಕರೆತರುವ ಅಪ್ಪ-ಅಮ್ಮ ಕೇಳುತ್ತಾರೆ. ನಾನೀಗ ಇರುವ ಕಾರವಾರದಲ್ಲೂ ಕೇಳುತ್ತಾರೆ, ತವರಾದ ಶಿರಸಿಗೆ ಹೋದಾಗಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಟ್ಯೂಷನ್ ಬಿಡಿಸಿ ಮಗಳನ್ನು ಸಂಜೆ ಎರಡು ತಾಸು ಆಟಕ್ಕೆ ಕಳಿಸುವ ಮನೆಯವರಿಗೆ ಸರಿಯಾದ ಉತ್ತರ ಸಿಗಬೇಕು. ಈ ಆಟ ನನಗೆ ರೈಲ್ವೆಯಲ್ಲಿ ನೌಕರಿ ಕೊಟ್ಟಿತು. ಆ ನೌಕರಿ ಇದ್ದದ್ದರಿಂದ ಮೂವತ್ತು ದಾಟುವವರೆಗೂ ಆಡಿದೆ. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಹಾಗಾದರೆ ಹೇಗೆ ಸಾಧ್ಯವಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಇದನ್ನೆಲ್ಲ ಹೇಳುವವರು ನಮ್ಮ ಕಡೆ ಯಾರೂ ಇರಲಿಲ್ಲ.

ಮೊದಲು ಹೊಟ್ಟೆಪಾಡಿನ ಮಾತು. ನಾನು ಆಡುತ್ತಿದ್ದ ಕಾಲದಲ್ಲಿ ವರ್ಷಪೂರ್ತಿ ಸಂಬಳ ಕೊಡುವ ಲೀಗ್ ನಮ್ಮ ದೇಶದ ಹೆಣ್ಣುಮಕ್ಕಳಿಗೆ ಇರಲಿಲ್ಲ. ಆಡಿ ಬದುಕಬೇಕೆಂದರೆ ಇಲಾಖೆ ತಂಡ ಸೇರಬೇಕಿತ್ತು. ರೈಲ್ವೆ, ಬ್ಯಾಂಕು, ವಿದ್ಯುತ್ ಮಂಡಳಿ, ಪೊಲೀಸ್ ಹೀಗೆ. ಕೇರಳದ ವಿದ್ಯುತ್ ಮಂಡಳಿಯ ಮಹಿಳಾ ತಂಡ ದೇಶಕ್ಕೇ ಗೊತ್ತು. ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕಿನ ತಂಡಕ್ಕೆ ದೊಡ್ಡ ಹೆಸರಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದಕ್ಕೂ ಎರಡು ವರ್ಷ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತ್ತು. ಬ್ಯಾಂಕಿನ ಹೆಸರು ಹೋದರೆ ಬೋರ್ಡು ಬದಲಾಯಿತು ಅಷ್ಟೇ ಅಂದುಕೊಳ್ಳುತ್ತಾರೆ ಜನ. ಆಟಗಾರರು ಮಾತ್ರ ಮುಂದೆ ಕ್ರೀಡಾ ನೇಮಕಾತಿ ಎಷ್ಟು ನಡೆದೀತು ಎಂದು ಲೆಕ್ಕ ಹಾಕುತ್ತೇವೆ. ಹುಡುಗಿಯರಿಗೆ ಆಗಲೂ ಈಗಲೂ ದೊಡ್ಡ ಬಾಗಿಲು ರೈಲ್ವೆಯೇ.

ನಮ್ಮ ಮನೆ ಶಿರಸಿ ಪೇಟೆಯಿಂದ ಒಳಗೆ, ಅಡಿಕೆ ತೋಟದ ಬದಿಗೆ. ನಮ್ಮ ಸೀಮೆಯಲ್ಲಿ ವಾಲಿಬಾಲ್ ಇಲ್ಲದ ಊರಿಲ್ಲ. ಬಾಸ್ಕೆಟ್‌ಬಾಲ್ ಕೋರ್ಟು ಇದ್ದದ್ದು ಬೆರಳೆಣಿಕೆಯ ಶಾಲೆ-ಕಾಲೇಜುಗಳಲ್ಲಿ. ಅದೇ ನನಗೆ ಅನುಕೂಲವಾಯಿತು. ತಾಲ್ಲೂಕು, ಜಿಲ್ಲೆ ಹಂತದಲ್ಲಿ ತಂಡಗಳೇ ಕಡಿಮೆಯಿದ್ದದ್ದರಿಂದ ನಮ್ಮ ಹೈಸ್ಕೂಲಿನ ತಂಡ ಬೇಗನೆ ಬೆಳಗಾವಿ ವಿಭಾಗ ಮಟ್ಟಕ್ಕೆ ಹೋಗಿ ನಿಂತಿತು. ಅಲ್ಲಿ ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಹುಡುಗಿಯರ ಎದುರು ಸೋತು ಬಂದೆವು. ಅವರ ಚೆಂಡು ಕೈಯಿಂದ ಬಿಡುವ ಹೊತ್ತಿಗೇ ರಿಂಗಿನೊಳಗೆ ಬೀಳುತ್ತದೆ ಎಂದು ಗೊತ್ತಾಗುವಂತಿತ್ತು. ನಮ್ಮದು ಹಾಗಿರಲಿಲ್ಲ. ನಾವೆಲ್ಲ ಎರಡೂ ಕೈಯಲ್ಲಿ ಎದೆಯ ಹತ್ತಿರದಿಂದ ತಳ್ಳುತ್ತಿದ್ದೆವು.

ಅದನ್ನು ತಿದ್ದಿಕೊಳ್ಳಬೇಕಾದ ಸಮಯಕ್ಕೆ ಮಳೆಗಾಲ ಹಿಡಿಯಿತು. ಶಿರಸಿಯ ಮಳೆಗಾಲ ಗೊತ್ತಿದ್ದವರಿಗೆ ವಿವರಿಸಬೇಕಿಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಿಮೆಂಟಿನ ಕೋರ್ಟಿನ ಮೇಲೆ ಹಾವಸೆ, ಕಾಲಿಟ್ಟರೆ ಜಾರು. ಅಂಗಳವೂ ಹಾಗೆಯೇ. ಉಳಿದದ್ದು ಜಗುಲಿ. ಇರಿಚಲು ಬಾರದಂತೆ ಸೋಗೆಯ ತಟ್ಟಿ ಕಟ್ಟಿದ ಜಗುಲಿಯಲ್ಲಿ ಶಾಟ್‌ನ ಪಾಠವೆಲ್ಲ ನಡೆಯಿತು. ರಿಂಗ್ ಇಲ್ಲದೆ ಶಾಟ್ ಕಲಿಯುವುದು ಹೇಗೆ ಎಂದು ಈಗಿನ ಮಕ್ಕಳು ಕೇಳುತ್ತಾರೆ. ರಿಂಗ್ ಇಲ್ಲದಿದ್ದುದೇ ಒಳ್ಳೆಯದಾಯಿತು ಎಂದು ನನಗೆ ಅನಿಸುತ್ತದೆ. ರಿಂಗ್ ಎದುರಿಗಿದ್ದರೆ ಬಿತ್ತೋ ಇಲ್ಲವೋ ಎಂದಷ್ಟೇ ನೋಡುತ್ತೇವೆ, ಕೈ ಏನು ಮಾಡಿತು ಎಂದು ನೋಡುವುದಿಲ್ಲ.

ನಾನು ಮಾಡಿದ್ದು ಇಷ್ಟು. ಜಗುಲಿಯ ಮೇಲೆ ಅಂಗಾತ ಮಲಗಿ ಬಲಗೈ ಒಂದರಲ್ಲೇ ಚೆಂಡನ್ನು ಮೇಲಕ್ಕೆ ಬಿಡುವುದು. ತೊಲೆಗೆ ತಾಗಬಾರದು, ಕೈಗೇ ವಾಪಸು ಬರಬೇಕು. ಎಡಕ್ಕೋ ಬಲಕ್ಕೋ ಬಿದ್ದರೆ ಮೊಣಕೈ ಹೊರಗೆ ಹೋಗಿದೆ ಎಂದರ್ಥ. ಚೆಂಡು ತಿರುಗದೆ ಮೇಲೆ ಹೋದರೆ ಮಣಿಕಟ್ಟು ಕೆಲಸ ಮಾಡಿಲ್ಲ ಎಂದರ್ಥ. ಕೊನೆಗೆ ತಗಲಬೇಕಾದ್ದು ತೋರುಬೆರಳು, ನಡುಬೆರಳಿನ ತುದಿ. ಇದು ಕೈಗೆ ಹತ್ತಿದ ಮೇಲೆ ಎದ್ದುನಿಂತು ಗೋಡೆಗೆ. ಗೋಡೆಯ ಮೇಲೆ ಇದ್ದಿಲಿನ ಗೆರೆ ಎಳೆದುಕೊಂಡಿದ್ದೆ. ಮೊಣಕಾಲು ಬಗ್ಗಿದಲ್ಲಿಂದ ಬೆರಳ ತುದಿಯವರೆಗೆ ಬಲ ಒಂದೇ ಓಟದಲ್ಲಿ ಹರಿಯಬೇಕು, ನಡುವೆ ನಿಲ್ಲಬಾರದು. ಕರೆಂಟು ಹೋದ ಸಂಜೆಗಳಲ್ಲಿ ಕತ್ತಲೆಯಲ್ಲೇ ಡ್ರಿಬಲ್ ಮಾಡುತ್ತಿದ್ದೆ, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಿದ್ದೆ, ಹೆಚ್ಚಾಗಿ ಎಡಗೈಯಲ್ಲಿ. ಚೆಂಡನ್ನು ನೋಡುವ ಅಭ್ಯಾಸ ಬಿಟ್ಟುಹೋದದ್ದು ಹಾಗೆ. ಆ ಸದ್ದನ್ನು ಮಳೆಗಾಲ ಪೂರ್ತಿ ಸಹಿಸಿದವರು ನಮ್ಮಜ್ಜಿ. ಒಳಗಿನಿಂದ “ತಂಗಿ, ಚೆಂಡು ಸಾಕು, ಊಟಕ್ಕೆ ಬಾ” ಎನ್ನುತ್ತಿದ್ದರೇ ಹೊರತು ನಿಲ್ಲಿಸು ಎಂದು ಒಂದು ದಿನವೂ ಅನ್ನಲಿಲ್ಲ.

ಚೆಂಡನ್ನು ಏಕೆ ಎತ್ತರಕ್ಕೆ ಬಿಡಬೇಕು ಎಂಬುದರ ಲೆಕ್ಕವನ್ನು ಗಣಿತದ ಸರ್ ಒಬ್ಬರು ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ನಾನೂ ಮಕ್ಕಳಿಗೆ ಅದನ್ನೇ ತೋರಿಸುತ್ತೇನೆ. ರಿಂಗಿನ ಒಳ ಅಗಲ 45 ಸೆಂ.ಮೀ. ಹೆಣ್ಣುಮಕ್ಕಳು ಆಡುವ 6ನೇ ಸೈಜಿನ ಚೆಂಡಿನ ಅಡ್ಡಳತೆ ಸುಮಾರು 23 ಸೆಂ.ಮೀ. ಚೆಂಡು ನೇರ ಮೇಲಿನಿಂದ ಇಳಿದರೆ ಅದಕ್ಕೆ 45 ಸೆಂ.ಮೀ. ಪೂರ್ತಿ ತೆರೆದಿರುತ್ತದೆ. 45 ಡಿಗ್ರಿ ಕೋನದಲ್ಲಿ ಬಂದರೆ ತೆರೆದ ಜಾಗ ಸುಮಾರು 32 ಸೆಂ.ಮೀ.ಗೆ ಇಳಿಯುತ್ತದೆ. 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ ಉಳಿಯುವುದು ಇಪ್ಪತ್ತೆರಡೂವರೆ. ಅಂದರೆ ಚೆಂಡಿಗಿಂತ ಕಡಿಮೆ. ರಿಂಗಿಗೆ ತಾಗದೆ ಒಳಗೆ ಹೋಗಲು ದಾರಿಯೇ ಇಲ್ಲ. ಕುಳ್ಳಗಿರುವವರಿಗೆ ಇದು ಇನ್ನೂ ಮುಖ್ಯ. ರಿಂಗ್ ಎಲ್ಲರಿಗೂ 3.05 ಮೀಟರ್ ಎತ್ತರದಲ್ಲೇ ಇರುತ್ತದೆ, ನಾವು ಕೆಳಗಿನಿಂದ ಬಿಡುತ್ತೇವೆ. ಜೊತೆಗೆ ಎದುರಿನ ಉದ್ದ ಹುಡುಗಿಯ ಕೈ ದಾಟಿಸಲೂ ಬೇಕು.

ಆ ಶಾಟ್ ನೋಡಿ ನನ್ನನ್ನು ಕ್ರೀಡಾ ಇಲಾಖೆಯ ಹಾಸ್ಟೆಲಿಗೆ ಆರಿಸಿದರು. ಹಾಸ್ಟೆಲಿನ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬೆಳಗ್ಗೆ ಸಂಜೆ ಅಭ್ಯಾಸ, ನಡುವೆ ಶಾಲೆ, ಮನೆಯ ನೆನಪು. ಕೋಚ್ ನನ್ನನ್ನು ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದಕ್ಕೆ ತಂದು ಆಟ ನಡೆಸುವವಳು, ಮಾಡಿದರು. ಹುಡುಗಿಯರ ಪಂದ್ಯಗಳಲ್ಲಿ ಎದುರಾಳಿಗಳು ಕೋರ್ಟಿನ ಉದ್ದಕ್ಕೂ ಮೈಮೇಲೆ ಬಿದ್ದು ತಡೆಯುತ್ತಾರೆ. 8 ಸೆಕೆಂಡಿನೊಳಗೆ ಚೆಂಡು ಅರ್ಧ ಕೋರ್ಟ್ ದಾಟಬೇಕು, 24 ಸೆಕೆಂಡಿನೊಳಗೆ ಶಾಟ್ ಹೋಗಬೇಕು. ಒತ್ತಡದಲ್ಲೂ ತಲೆಯೆತ್ತಿ ಚೆಂಡು ತರುವ ಒಬ್ಬಳು ತಂಡಕ್ಕೆ ಬೇಕೇ ಬೇಕು. ಜಗುಲಿಯ ಕತ್ತಲೆಯ ಎಡಗೈ ಅಲ್ಲಿ ನನಗೆ ಜಾಗ ಮಾಡಿಕೊಟ್ಟಿತು. ರಾಜ್ಯ ಜೂನಿಯರ್ ತಂಡಕ್ಕೂ ಅದೇ ಕಾರಣಕ್ಕೆ ಬಂದೆ.

2010ರಲ್ಲಿ ಈ ಆಟದ ವಿಶ್ವ ಸಂಸ್ಥೆಯಾದ ಫಿಬಾ, ಯಾವುದರ ಆಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುತ್ತದೋ ಆ ಗೆರೆಯನ್ನು 6.25 ಮೀಟರಿನಿಂದ 6.75 ಮೀಟರಿಗೆ ಸರಿಸಿತು. ಅರ್ಧ ಮೀಟರ್ ಏನು ಮಹಾ ಅನ್ನಿಸಬಹುದು. ಹಳೆಯ ಗೆರೆಯಿಂದ ಕಣ್ಣುಮುಚ್ಚಿ ಹಾಕುತ್ತಿದ್ದವರ ಚೆಂಡೂ ರಿಂಗಿನ ಮುಂಭಾಗಕ್ಕೆ ಬಡಿಯತೊಡಗಿತು. ತೋಳಿನ ಬಲ ಹೆಚ್ಚಿಸಿದರೆ ಮೊಣಕೈ ಹೊರಗೆ ಹೋಗುತ್ತದೆ. ಹಾಗಾಗಿ ನಾನು ತೋಳಿಗೆ ಕೈಹಾಕಲಿಲ್ಲ. ಕಾಲು ಗಟ್ಟಿ ಮಾಡಿಕೊಂಡೆ. ಸ್ಕ್ವಾಟ್, ಲಂಜಸ್, ಮೆಟ್ಟಿಲು. ಚೆಂಡು ಕೈಗೆ ಬರುವ ಮೊದಲೇ ಮೊಣಕಾಲು ಬಗ್ಗಿಸಿ ಸಿದ್ಧವಾಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಆ ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ, ಅಂಥವರನ್ನು ಕರೆಯುವ ಹಾಗೆ, ಯೂನಿವರ್ಸಿಟಿ ಬ್ಲೂ ಆದೆ. ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಯಲ್ಲಿ ಹೊಸ ಗೆರೆಯಿಂದ ನಂಬಿಕೆಯಿಂದ ಹಾಕುವವರು ಹೆಚ್ಚಿರಲಿಲ್ಲ. ರೈಲ್ವೆಯ ಕೋಚ್ ಒಬ್ಬರು ಅಲ್ಲೇ ನನ್ನ ಹೆಸರು ಬರೆದುಕೊಂಡದ್ದು.

ಸ್ಪೋರ್ಟ್ಸ್ ಕೋಟಾ ಅಂದರೆ ಶಿಫಾರಸು ಎಂದು ಊರಿನಲ್ಲಿ ಬಹಳ ಜನ ತಿಳಿದಿದ್ದಾರೆ. ರೈಲ್ವೆಯ ಬಹಿರಂಗ ಪ್ರಕಟಣೆಯ ನೇಮಕಾತಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಒಟ್ಟು 100 ಅಂಕ. ಅದರಲ್ಲಿ 40 ಟ್ರಯಲ್ಸ್‌ಗೆ: ಆಟದ ಕೌಶಲ, ದೇಹದ ಕ್ಷಮತೆ, ಕೋಚ್ ಗಮನಿಸಿದ್ದು. 50 ಅಂಕ ಮಾನ್ಯತೆ ಇರುವ ಟೂರ್ನಿಗಳಲ್ಲಿ ಮಾಡಿದ ಸಾಧನೆಗೆ. ಓದಿಗೆ 10. ಟ್ರಯಲ್ಸ್‌ನಲ್ಲಿ 40ಕ್ಕೆ 25 ಬಾರದಿದ್ದರೆ ಮುಂದಿನ ಹಂತವೇ ಇಲ್ಲ. ವಯಸ್ಸು 18ರಿಂದ 25, ಅದರಲ್ಲಿ ಸಡಿಲಿಕೆ ಇಲ್ಲ. ಸಾಧನೆಯೂ ಇತ್ತೀಚಿನದಾಗಿರಬೇಕು; ಹಿಂದಿನ ಎರಡು ಹಣಕಾಸು ವರ್ಷ ಮತ್ತು ನಡೆಯುತ್ತಿರುವ ವರ್ಷದ್ದು. ಎಂಟು ವರ್ಷದ ಹಿಂದಿನ ಪದಕ ಮನೆಯ ಗೋಡೆಗೆ ಚೆಂದ, ಅರ್ಜಿಗೆ ಉಪಯೋಗವಿಲ್ಲ. ಹಾಗಾಗಿ ಪದವಿಯ ಮೂರು ವರ್ಷ ನಮ್ಮ ಬದುಕಿನ ನಿಜವಾದ ಟೂರ್ನಿ. ಆ ವರ್ಷಗಳಲ್ಲೇ ಎಷ್ಟೋ ಹುಡುಗಿಯರು ಪರೀಕ್ಷೆ, ಮದುವೆ ಮಾತು, ಮನೆಯ ಒತ್ತಾಯ ಎಂದು ಆಟ ಬಿಡುತ್ತಾರೆ. ನನಗಿಂತ ಚೆನ್ನಾಗಿ ಆಡುತ್ತಿದ್ದವರು ಹಾಗೆ ಹೋದದ್ದು ನನಗೆ ಇವತ್ತಿಗೂ ಸಂಕಟ.

ನೌಕರಿ ಸಿಕ್ಕಿತು, ಕಚೇರಿಯಲ್ಲಿ ಗುಮಾಸ್ತೆ. ಏಳನೇ ವೇತನ ಆಯೋಗದ ಬಳಿಕ ಇಂಥ ಹುದ್ದೆಗಳು ಲೆವೆಲ್ 2 ಅಥವಾ 3ರಲ್ಲಿ ಬರುತ್ತವೆ. ಮೂಲವೇತನ ₹19,900 ಅಥವಾ ₹21,700ರಿಂದ ಶುರು, ಭತ್ಯೆಗಳು ಬೇರೆ. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಸಂಜೆ ಮತ್ತೆ ಕೋರ್ಟು. ಟೂರ್ನಿ ಹತ್ತಿರವಾದಾಗ ಕ್ಯಾಂಪು. ಅಂತರ ರೈಲ್ವೆ ಚಾಂಪಿಯನ್‌ಶಿಪ್‌ನಲ್ಲಿ ವಲಯಗಳು ಎದುರುಬದುರಾಗುತ್ತವೆ, ಭಾರತೀಯ ರೈಲ್ವೆ ತಂಡಕ್ಕೆ ಅಲ್ಲಿ ಆಡಿದವರನ್ನು ನೋಡುತ್ತಾರೆ. ಸೀನಿಯರ್ ನ್ಯಾಷನಲ್ಸ್‌ನ ಮಹಿಳಾ ವಿಭಾಗದಲ್ಲಿ ದಶಕಗಳಿಂದ ರೈಲ್ವೆಯದೇ ಮೇಲುಗೈ. ಆ ತಂಡದ ಕ್ಯಾಂಪಿನವರೆಗೆ ಹೋದೆ. ಕೊನೆಯ ಹನ್ನೆರಡರಲ್ಲಿ ಜಾಗ ಸಿಗಲಿಲ್ಲ. ನನ್ನ ಜಾಗದಲ್ಲಿ ಆಡಿದವರ ವೇಗವನ್ನು ಹತ್ತಿರದಿಂದ ಕಂಡಿದ್ದೇನೆ, ಆಯ್ಕೆ ಸರಿಯಾಗಿಯೇ ಇತ್ತು.

ಊಟದ ವಿಷಯ ನಮ್ಮ ಕಡೆಯವರು ಬಹಳ ಕೇಳುತ್ತಾರೆ. ನಾನು ಸಸ್ಯಾಹಾರಿಯಾಗಿಯೇ ಆಡಿದೆ. ಅನ್ನ-ತಂಬುಳಿಯಿಂದ ಮನಸ್ಸಿಗೆ ತಂಪು, ಸ್ನಾಯುವಿಗೆ ಅದು ಸಾಲದು. ಪ್ರತಿ ಊಟದಲ್ಲೂ ಹೆಸರು, ಕಡಲೆ, ಸೋಯಾ, ಹಾಲು-ಮೊಸರು ಇವುಗಳಲ್ಲಿ ಎರಡಾದರೂ ಇರುವಂತೆ ನೋಡಿಕೊಂಡೆ. ಹುಡುಗಿಯರಿಗೆ ದೊಡ್ಡ ತೊಂದರೆ ಕಬ್ಬಿಣಾಂಶದ ಕೊರತೆ. ಮೂರನೇ ಕ್ವಾರ್ಟರಿನಲ್ಲಿ ಕಾಲು ಸೋಲುವುದನ್ನು ಸೋಮಾರಿತನ ಎಂದು ಬೈಯುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ಸೊಪ್ಪು, ಕಾಳಿನ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಬೇಕು, ಊಟದ ಜೊತೆಗೇ ಚಹಾ-ಕಾಫಿ ಬೇಡ.

ಮೊಣಕಾಲಿನ ವಿಷಯವನ್ನು ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ನಾರು ಹರಿಯುವ ಗಾಯ ಈ ಆಟದಲ್ಲಿ ಗಂಡುಹುಡುಗರಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು. ಅದರಲ್ಲಿ ಬಹುಪಾಲು ಯಾರೂ ಡಿಕ್ಕಿ ಹೊಡೆಯದೆ, ಹಾರಿ ಇಳಿಯುವಾಗ ಅಥವಾ ಥಟ್ಟನೆ ತಿರುಗುವಾಗ ಆಗುತ್ತದೆ. ಇಳಿಯುವಾಗ ಎರಡೂ ಮೊಣಕಾಲು ಒಳಗೆ ಒಂದಕ್ಕೊಂದು ಹತ್ತಿರವಾದರೆ ಅಪಾಯ. ಮೊಣಕಾಲು ಪಾದದ ನೇರಕ್ಕೇ ಇರಬೇಕು, ಬಗ್ಗಬೇಕು, ಇಳಿದ ಸದ್ದು ಮೃದುವಾಗಿರಬೇಕು. ಸೊಂಟ, ಪೃಷ್ಠ, ತೊಡೆಯ ಹಿಂಭಾಗ ಗಟ್ಟಿಯಾಗದೆ ಇದು ಬರುವುದಿಲ್ಲ. ನಮ್ಮಲ್ಲಿ ಹೆಚ್ಚಿನ ಕೋರ್ಟುಗಳು ಸಿಮೆಂಟಿನವು, ಅವು ನಮ್ಮ ಭಾರವನ್ನು ಒಂದಿಷ್ಟೂ ಹೀರುವುದಿಲ್ಲ. ಚೆಂಡು ಮುಟ್ಟುವ ಮೊದಲು ಕಾಲು ಗಂಟೆ ಈ ಕಸರತ್ತು ನಮ್ಮ ಕೋರ್ಟಿನಲ್ಲಿ ಕಡ್ಡಾಯ.

ಆಟದ ಬದುಕಿನಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪಂದ್ಯದಲ್ಲಿ ನಾನು ಆಡಿರಲಿಲ್ಲ, ಗ್ಯಾಲರಿಯಲ್ಲಿದ್ದೆ. 2017ರ ಜುಲೈ, ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ, ಫಿಬಾ ಮಹಿಳಾ ಏಷ್ಯಾ ಕಪ್‌ನ ‘ಬಿ’ ಡಿವಿಷನ್ (ಎರಡನೇ ಶ್ರೇಣಿ) ಫೈನಲ್. ಭಾರತ 75, ಕಜಕಸ್ತಾನ 73. ಎತ್ತರದಲ್ಲಿ ಅವರು ಮೇಲು. ನಮ್ಮವರು ವೇಗದಿಂದ, ಕೈಚಳಕದಿಂದ ಆಡಿ ಗೆದ್ದರು. ಆ ತಂಡದಲ್ಲಿದ್ದ ಅನಿತಾ ಪಾಲ್‌ದುರೈ ನಮ್ಮ ಹಾಗೆಯೇ ರೈಲ್ವೆ ನೌಕರಿಯಲ್ಲಿದ್ದುಕೊಂಡು ಆಡಿದವರು, ಮಗುವಾದ ಮೇಲೂ ಭಾರತಕ್ಕೆ ಆಡಿದವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮದುವೆಯಾದ ಮೇಲೆ ಆಟ ಏಕೆ ಎಂದು ಕೇಳುವ ಮನೆಗಳಲ್ಲಿ ನಾನು ಅವರ ಹೆಸರು ಹೇಳುತ್ತೇನೆ.

ಈಗ ಕಾರವಾರದಲ್ಲಿ ಬೆಳಗ್ಗೆ, ಸಂಜೆ ಕಲಿಸುತ್ತೇನೆ. ಕಡಲ ಬದಿಯ ಕೋರ್ಟಿನ ಕಷ್ಟಗಳು ಶಿರಸಿಯವಲ್ಲ. ಉಪ್ಪುಗಾಳಿಗೆ ರಿಂಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಮಳೆಗೆ ಮೊದಲು ಉಜ್ಜಿ ಬಣ್ಣ ಹೊಡೆಯಬೇಕು, ಬೋಲ್ಟು ಪರೀಕ್ಷಿಸಬೇಕು. ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಬೀಸತೊಡಗಿದರೆ ದೂರದ ಶಾಟ್ ಸರಿಯುತ್ತದೆ. ಮಕ್ಕಳು ಗಾಳಿಗೆ ತಕ್ಕಂತೆ ಕೈ ತಿರುಚುವುದನ್ನು ಕಲಿತರೆ ಒಳಾಂಗಣದಲ್ಲಿ ತಪ್ಪುತ್ತದೆ. ಅದಕ್ಕೇ ದೂರದ ಶಾಟ್‌ಗಳೆಲ್ಲ ಬೆಳಗ್ಗೆ; ಸಂಜೆಯ ಹುಡುಗರಿಗೆ ಲೇ-ಅಪ್ (ರಿಂಗಿನ ಹತ್ತಿರಕ್ಕೆ ಓಡಿಬಂದು ಹಾಕುವುದು), ಪಾಸ್, ಡಿಫೆನ್ಸ್. ಬೆವರಿಗೆ ಚೆಂಡು ಜಾರುತ್ತದೆ, ಪ್ರತಿ ಮಗುವಿನ ಬಳಿ ಒಂದು ಒಣ ಟವೆಲ್ ಇರಲೇಬೇಕು.

ಕಾಗದಪತ್ರದ ಕೆಲಸವನ್ನೂ ನಾನೇ ನೋಡುತ್ತೇನೆ, ಏಕೆಂದರೆ ಆಟ ಬಂದೂ ಕಾಗದ ಇಲ್ಲದೆ ನಿಂತವರನ್ನು ಕಂಡಿದ್ದೇನೆ. ಕೇಂದ್ರ ಸರ್ಕಾರದ ನೌಕರಿಗೆ ರಾಜ್ಯದ ಪರವಾಗಿ ನ್ಯಾಷನಲ್ ಆಡಿದ್ದಕ್ಕೆ ಪ್ರಮಾಣಪತ್ರದ ಫಾರಂ 2, ವಿಶ್ವವಿದ್ಯಾಲಯದ ಪರ ಆಡಿದ್ದಕ್ಕೆ ಫಾರಂ 3, ಶಾಲಾ ನ್ಯಾಷನಲ್‌ಗೆ ಫಾರಂ 4. ಟೂರ್ನಿ ಮುಗಿದ ಕೂಡಲೇ ಸಂಬಂಧಪಟ್ಟ ಸಂಸ್ಥೆಯಿಂದ ಸಹಿ-ಮೊಹರು ಹಾಕಿಸಿಕೊಳ್ಳಬೇಕು. ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ನನ್ನ ಬಳಿ ಬರುವ ಪ್ರತಿ ಹುಡುಗಿಗೂ ಮೊದಲ ವರ್ಷವೇ ಒಂದು ಫೈಲ್ ಮಾಡಿಸುತ್ತೇನೆ, ಅಪ್ಪ-ಅಮ್ಮನ ಎದುರಿಗೇ.